ಸಂಶೋಧಕರು ಬರುವ ತನಕ ಯಾರೂ ಏನೂ ಕಲಿಯತಕ್ಕದ್ದಲ್ಲ

ಕಲಿಕಾ ಸಂಶೋಧನಾ ಕೇಂದ್ರದ ಘನ ನಿರ್ದೇಶಕರಿಗೆ, ಆಸ್ಪತ್ರೆಯ ಲಾಂಡ್ರಿಯವಳು ಒದ್ದೆ ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಈಗ ಸಂಜೆ ಏಳು ಗಂಟೆ. ಇಂದು ಮೂರು ವಾರ್ಡುಗಳ ಬೆಡ್‌ಶೀಟುಗಳು ಬಂದವು, ಒಗೆಯುವ ಯಂತ್ರ ಒಮ್ಮೆ ಮುನಿಸಿಕೊಂಡು ತಾನಾಗಿಯೇ ಸರಿಹೋಯಿತು, ನಾನು ಕೆಲಸದಲ್ಲಿ ಇಡೀ ದಿನ ಬಾಯಿ ತೆರೆಯಲಿಲ್ಲ. ಕೊನೆಯದು ತಮ್ಮ ಕೃಪೆಯಾದ್ದರಿಂದ ಈ ಪತ್ರ.

'ಕೆಲಸದ ಸ್ಥಳದಲ್ಲಿ ತಲೆಮಾರುಗಳ ನಡುವಿನ ಕಲಿಕೆ' ಎಂಬ ವಿಷಯವನ್ನು ಅಧ್ಯಯನ ಮಾಡಲು, ಡಾಕ್ಟರೇಟ್ ಮುಗಿಸಿದ ಸಂಶೋಧಕರೊಬ್ಬರು ಬೇಕಾಗಿದ್ದಾರೆಂಬ ತಮ್ಮ ಪ್ರಕಟಣೆಯನ್ನು ನಮ್ಮ ಇಸ್ತ್ರಿ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದಾರೆ. ಅಧ್ಯಯನಕ್ಕೆ ನಮ್ಮ ಲಾಂಡ್ರಿಯನ್ನೇ ಆರಿಸಿದ್ದು ನಮ್ಮ ಭಾಗ್ಯ. ಆ ಸಂಶೋಧಕರು ಎಲ್ಲವನ್ನೂ ಮೊದಲಿನಿಂದ ಶುದ್ಧವಾಗಿ ನೋಡಬೇಕಾದ್ದರಿಂದ, ಅವರು ಬರುವ ತನಕ ಹಳಬರು ಹೊಸಬರಿಗೆ ಏನನ್ನೂ ಹೇಳಿಕೊಡಬಾರದು, ಮಾತಿನ ನಡುವೆ ಕಲಿಕೆ ನುಸುಳಬಹುದಾದ್ದರಿಂದ ಮಾತೂ ಬೇಡ ಎಂಬ ಸೂಚನೆ ಅದರ ಪಕ್ಕದಲ್ಲೇ ಇದೆ. ನಮ್ಮ ಸೂಪರ್‌ವೈಸರ್ ಅದನ್ನು ಬಿಡಿಸಿ ಹೇಳಿದರು: "ಆಮೇಲೆ ಎಷ್ಟು ಬೇಕಾದ್ರೂ ಹೇಳ್ಕೊಡಿ ಅಮ್ಮಾ, ಯಾರು ಬೇಡ ಅಂದ್ರು? ಈಗ್ಲೇ ಹೇಳ್ಕೊಟ್ಬಿಟ್ರೆ ಪಾಪ, ಅವರು ಬಂದು ಏನ್ ನೋಡ್ಬೇಕು?" ಅರ್ಜಿಯ ಕೊನೆಯ ದಿನಾಂಕವನ್ನು ತಾವು ಎರಡು ಸಲ ಮುಂದೂಡಿದ್ದೀರಿ. ಯೋಗ್ಯರು ಸಿಗುವುದು ಸುಲಭವಲ್ಲ, ಒಪ್ಪುತ್ತೇನೆ.

ಒಂದು ಸಣ್ಣ ತೊಡಕನ್ನು ಮಾತ್ರ ತಮ್ಮ ಗಮನಕ್ಕೆ ತರಲು ಅಪ್ಪಣೆಯಾಗಬೇಕು. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲಾಗುವುದಿಲ್ಲ. ಆಚೆ ತುದಿಗೊಬ್ಬರು, ಈಚೆ ತುದಿಗೊಬ್ಬರು ನಿಂತು, ಒಮ್ಮೆ ಜಗ್ಗಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ನನ್ನ ಆಚೆ ತುದಿಯಲ್ಲಿ ಇಷ್ಟು ವರ್ಷ ಒಡಹುಟ್ಟಿದ ಅಕ್ಕ ಇದ್ದಳು. ಅವಳು ಕಲಿಸಿದ ರೀತಿ ಯಾವ ಅಧ್ಯಯನದಲ್ಲೂ ಬರೆಯುವಂಥದ್ದಲ್ಲ. ನಾನು ಸಡಿಲ ಹಿಡಿದರೆ, "ಏನೇ, ಬೆಡ್‌ಶೀಟ್ ಮಡಚ್ತಿದ್ದೀಯೋ, ಮೀನಿಗೆ ಬಲೆ ಬೀಸ್ತಿದ್ದೀಯೋ?" ಎನ್ನುತ್ತಿದ್ದಳು, ಅತಿಯಾಗಿ ಜಗ್ಗಿದರೆ ಸುಮ್ಮನೆ ಕೈ ಬಿಡುತ್ತಿದ್ದಳು, ನಾನು ಬಟ್ಟೆ ಸಮೇತ ನೆಲಕ್ಕೆ ಕೂರುತ್ತಿದ್ದೆ. ಅವಳು ಹೇಳಿಕೊಟ್ಟಿದ್ದರಲ್ಲಿ ಅರ್ಧ ತಪ್ಪು. ಕಲೆ ತೆಗೆಯುವ ಅವಳ ಉಪಾಯದಿಂದ ಒಂದು ವಾರ್ಡಿನ ಪರದೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಕಳೆದ ತಿಂಗಳು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ನಾವೇ ಮಡಚಿ ಕಳಿಸಿದ ಬೆಡ್‌ಶೀಟಿನ ಮೇಲೆ, ತೀರಿಕೊಂಡಳು.

ಈಗ ಆ ತುದಿಗೆ ಹೊಸ ಹುಡುಗಿ ಬಂದಿದ್ದಾಳೆ. ಅವಳು ಜಗ್ಗುವುದೇ ಇಲ್ಲ. ಬಟ್ಟೆ ನಡುವೆ ಜೋತುಬಿದ್ದು ಮಡಿಕೆ ವಾರೆಯಾಗುತ್ತದೆ. ತಮ್ಮ ಸೂಚನೆಯಂತೆ ನಾನು ಕಂಬದ ಹಾಗೆ ನಿಂತಿರುತ್ತೇನೆ. ಮೊನ್ನೆ ಅವಳು ಮೆಲ್ಲಗೆ ಕೇಳಿದಳು: "ಆಂಟಿ, ಅವರ ಜಾಗಕ್ಕೆ ಬಂದೆ ಅಂತ ನನ್ನ ಮೇಲೆ ಕೋಪಾನಾ?" ಉತ್ತರ ಕೊಟ್ಟರೆ ಅದೂ ಕಲಿಕೆಯ ಲೆಕ್ಕಕ್ಕೆ ಬಂದೀತೆಂದು ಹೆದರಿ, ಮುಖ ಆಚೆ ತಿರುಗಿಸಿ ಸೀನಿದೆ. ಸೀನುವುದಕ್ಕೂ ನಿಷೇಧವಿದ್ದರೆ ಕ್ಷಮಿಸಬೇಕು.

ನಾಳೆ ಅವಳ ಪರೀಕ್ಷೆ. ಮಡಿಕೆ ನೆಟ್ಟಗೆ ಬಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಆದ್ದರಿಂದ ತಾವು ದಯವಿಟ್ಟು ಇಂದು ರಾತ್ರಿಯೊಳಗೆ ಸಂಶೋಧಕರನ್ನು ಕಳಿಸಿಕೊಡಬೇಕು. ಅದು ಕಷ್ಟವಾದರೆ ಒಂದೇ ತುದಿಯಿರುವ ಬೆಡ್‌ಶೀಟುಗಳನ್ನು ತಯಾರಿಸಲು ಆಜ್ಞೆ ಮಾಡಬೇಕು, ಅಥವಾ ನೇಮಕಾತಿ ಮುಗಿಯುವ ತನಕ ಊರಿನವರು ಕಾಯಿಲೆ ಬೀಳುವುದನ್ನು ಮುಂದೂಡುವಂತೆ ಪ್ರಕಟಣೆ ಹೊರಡಿಸಬೇಕು. ಯಾವುದೂ ಆಗದಿದ್ದರೆ ಆ ಹುದ್ದೆಗೆ ನನ್ನ ಅಕ್ಕನನ್ನು ಪರಿಗಣಿಸಿ. ವಯಸ್ಸು ಮೀರಿದೆ, ನಿಜ. ಆದರೆ ತಮಗೆ ಬೇಕಾದ ಮುಖ್ಯ ಅರ್ಹತೆ ಈಗ ಅವಳಿಗೆ ಬಂದಿದೆ: ಯಾರಿಗೂ ಒಂದು ಮಾತೂ ಹೇಳುವುದಿಲ್ಲ. ಬದುಕಿರುವ ತನಕ ಅದೊಂದು ಅವಳಿಗೆ ಬರಲೇ ಇಲ್ಲ.

ಇಂತಿ,
ಲಾಂಡ್ರಿಯೊಳಗೆ ಸೂಚನೆಯನ್ನು ಅಕ್ಷರಶಃ ಪಾಲಿಸಿದ
ತಮ್ಮ ವಿಶ್ವಾಸಿ,
ಬೆಡ್‌ಶೀಟಿನ ಈಚೆ ತುದಿಯವಳು

ಮತ್ತೊಂದು ಮಾತು: ಈ ಸೂಚನೆ ಕೆಲಸದ ಸ್ಥಳಕ್ಕೆ ಮಾತ್ರ ಅನ್ವಯಿಸುತ್ತದೆಂದು ಅದರ ಕೊನೆಯ ಸಾಲಿನಲ್ಲಿದೆ. ಇಷ್ಟು ಎಚ್ಚರಿಕೆಯಿಂದ ಬರೆದವರಿಗೆ ನನ್ನ ವಿಶೇಷ ವಂದನೆ ತಿಳಿಸಬೇಕು. ಆಸ್ಪತ್ರೆಯ ಗೇಟಿನ ಹೊರಗೆ ಒಂದು ಬಸ್ ನಿಲ್ದಾಣವಿದೆ, ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನಾಳೆ ಪರೀಕ್ಷೆಗೆ ಮೊದಲು ಅಲ್ಲಿಗೆ ಬರಲು ಹುಡುಗಿಗೆ ಇಂದು ಗೇಟು ದಾಟಿದ ಮೇಲೆ ಹೇಳಿದ್ದೇನೆ. ಪರೀಕ್ಷೆ ಬೆಳಿಗ್ಗೆ ಎಂಟಕ್ಕೆ. ಏಳಕ್ಕೇ ನಾನು ಮನೆಯ ದೊಡ್ಡ ಬೆಡ್‌ಶೀಟ್ ತೆಗೆದುಕೊಂಡು ಆ ನಿಲ್ದಾಣಕ್ಕೆ ಹೋಗುತ್ತೇನೆ.