ಸಾಹುಕಾರರ ಸೆಕೆಂಡ್‌ಹ್ಯಾಂಡ್ ಹೆಲಿಕಾಪ್ಟರ್

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ನಾನು ಗುಮಾಸ್ತ. ಶೇಂಗಾ ಚೀಲ ಎಣಿಸಿಕೊಂಡು ಸುಮ್ಮನಿರೋಣವೆಂದರೆ ನಮ್ಮ ಸಾಹುಕಾರರು ಬಿಡಬೇಕಲ್ಲ, ಏನಾದರೊಂದು ನಡೆಯುತ್ತಲೇ ಇರುತ್ತಿತ್ತು. ಹಳೆಯ ಗಾಡಿ ಕೊಳ್ಳುವುದು ಅವರಿಗೊಂದು ಚಟ. ಜೀಪು, ಲಾರಿ, ಜನರೇಟರ್ ಎಲ್ಲವೂ ಸೆಕೆಂಡ್‌ಹ್ಯಾಂಡ್. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಿ ಬಂದವರು, ಶೇಂಗಾ ಹೊಲಕ್ಕೆ ಮೇಲಿನಿಂದ ಔಷಧಿ ಹೊಡೆಯಲು ಹಳೆಯದೊಂದು ಹೆಲಿಕಾಪ್ಟರ್ ನೋಡಿಟ್ಟಿದ್ದೇನೆ ಎಂದರು. ನನಗೆ ಹೇಳುವ ಮೊದಲೇ ಊರಿಗೆಲ್ಲ ಹೇಳಿಯಾಗಿತ್ತು. ಇನ್ನು ಕೊಳ್ಳದೆ ಬಿಟ್ಟರೆ ಬಜಾರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ.

೧. ಮದುವೆ ಬುಕಿಂಗ್

ಹೆಲಿಕಾಪ್ಟರ್ ಬರುವ ಮೊದಲೇ ಕೊಂಡ್ಲಹಳ್ಳಿಯ ರೈತರೊಬ್ಬರು ಮಗಳ ಮದುವೆ ದಿಬ್ಬಣಕ್ಕೆ ಅದನ್ನು ಗೊತ್ತು ಮಾಡಲು ಬಂದರು. ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದರು. ಓಡಿಸುವವನನ್ನು ಬಿಟ್ಟು ನಾಲ್ವರು ಎಂದೆ. ಅವರ ಕಡೆಯವರು ಹದಿನೈದು ಜನವಂತೆ. ಗಡ್ಡ ಕೆರೆದುಕೊಂಡರು.

"ಇರ್ಲಿ ಬಿಡ್ರಿ. ಹೆಣ್ಮಕ್ಳು ಒಳಗ್ ಕೂತ್ಕಳ್ಳಿ, ನಾವು ಟಾಪ್ ಮೇಲೆ ಕೂತ್ಕಂತೀವಿ."

೨. ಸಾಬರ ಪರೀಕ್ಷೆ

ಮಾರುವವರ ಪೈಲಟ್ ಅದನ್ನು ದೊಡ್ಡಉಳ್ಳಾರ್ತಿ ಕಾವಲಿನ ಬಯಲಿನಲ್ಲಿ ತಂದು ಇಳಿಸಿದ. ಪರೀಕ್ಷೆಗೆ ಸಾಹುಕಾರರು ನಮ್ಮ ಲಾರಿ ಮೆಕ್ಯಾನಿಕ್ ಸಾಬರನ್ನು ಕರೆದೊಯ್ದರು. ಸಾಬರು ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಾಗಂತ ಒಪ್ಪಿಕೊಳ್ಳುವ ಮನುಷ್ಯ ಅವರಲ್ಲ. ಅಲ್ಲಲ್ಲಿ ತಟ್ಟಿದರು, ಹೊಗೆಯ ಕೊಳವೆ ಮೂಸಿದರು, ಎಷ್ಟು ಕಿಲೋಮೀಟರ್ ಓಡಿದೆ ಎಂದು ಗಂಭೀರವಾಗಿ ಕೇಳಿದರು. ಇದಕ್ಕೆ ಕಿಲೋಮೀಟರ್ ಇಲ್ಲ, ಗಂಟೆ ಲೆಕ್ಕ ಎಂದ ಪೈಲಟ್. ಸಾಬರ ಮುಖ ಅರಳಿತು. ಸಾಹುಕಾರರನ್ನು ಪಕ್ಕಕ್ಕೆ ಕರೆದರು.

"ಫಿಕರ್ ಮಾಡ್ಬ್ಯಾಡ್ರಿ ಸಾವ್ಕಾರ್ರೆ. ಗಂಟೆ ಲೆಕ್ಕ ಅಂದ್ರೆ ಟ್ರ್ಯಾಕ್ಟರ್ ಜಾತಿ. ನಂಗ್ ಬಿಡ್ರಿ."

೩. ನಿಂಬೆಹಣ್ಣು

ಉಳಿದದ್ದು ಸಾಹುಕಾರರ ಅವ್ವನ ಒಪ್ಪಿಗೆ. ಚಕ್ರದಡಿ ನಿಂಬೆಹಣ್ಣು ಒಡೆಯದೆ ಯಾವ ಗಾಡಿಯೂ ಆ ಮನೆಯದಾಗುತ್ತಿರಲಿಲ್ಲ. ಕಾವಲಿಗೇ ಬಂದಿದ್ದ ಅವ್ವ ಕುಂಕುಮವಿಟ್ಟು, ಕಾಯಿ ಒಡೆದು, ಹಣ್ಣನ್ನು ನನ್ನ ಕೈಗೆ ಕೊಟ್ಟರು. ನಾನು ಹೆಲಿಕಾಪ್ಟರನ್ನು ಎರಡು ಸುತ್ತು ಹಾಕಿದೆ. ಚಕ್ರವೇ ಇಲ್ಲ, ಕೆಳಗೆ ಎರಡು ಉದ್ದನೆಯ ಪೈಪು ಅಷ್ಟೆ. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ, ಸಾಬರೂ ಸಹ.

ಹಾಗಾದರೆ ಮೇಲೆ ಹಾರಿ ಹಣ್ಣಿನ ಮೇಲೇ ಇಳಿಯಲಿ ಎಂದರು ಅವ್ವ. ಮಾರುವ ಆತುರದಲ್ಲಿದ್ದ ಪೈಲಟ್ ಒಪ್ಪಿದ. ಅವನು ಇಳಿಯುತ್ತಿದ್ದಂತೆ ಗಾಳಿಗೆ ಹಣ್ಣು ಉರುಳಿ ಜಾಲಿ ಪೊದೆ ಸೇರಿತು. ಮುಳ್ಳು ಚುಚ್ಚಿಸಿಕೊಂಡು ತಂದಿಟ್ಟೆ. ಎರಡನೇ ಸಲ ಹಣ್ಣಿನ ಹಿಂದೆ ಕುಂಕುಮದ ತಟ್ಟೆಯೂ ಹೊರಟಿತು. ಮೂರನೇ ಸಲ ಸಾಹುಕಾರರ ತಲೆಯಿಂದ ಹಾರಿದ ರುಮಾಲು ಸಿಕ್ಕಿತು, ಹಣ್ಣು ಸಿಗಲಿಲ್ಲ. ಸೆರಗು ಹಿಡಿದು ನಿಂತಿದ್ದ ಅವ್ವ ಮಗನ ಕಡೆ ತಿರುಗಿದರು.

"ದೃಷ್ಟಿ ತೆಗೆಯೋ ನಿಂಬೆಹಣ್ಣೇ ಹೆದ್ರಿ ಓಡೋಗೈತೆ. ನೀನ್ ಅದ್ರಾಗೆ ಕೂರ್ತೀಯೇನ್ಲಾ?"

ವ್ಯಾಪಾರ ಅಲ್ಲಿಗೆ ಮುರಿಯಿತು. ಸಾಹುಕಾರರು ಬಜಾರಿನಲ್ಲಿ ಹೇಗೆ ಮುಖ ತೋರಿಸುತ್ತಾರೋ ಎಂದು ನನಗೇ ಪಾಪ ಅನಿಸಿತು. ಮರುದಿನ ನೋಡಿದರೆ, ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ತಲೆ ಎತ್ತಿಯೇ ಉತ್ತರ ಕೊಡುತ್ತಿದ್ದರು.

"ಇಂಜಿನ್ನೇನೋ ಚೆನ್ನಾಗೈತೆ. ಆದ್ರೆ ನಾಲ್ಕು ಚಕ್ರಾನೂ ಬಿಚ್ಕಂಡು ಮಾರಾಕ್ ತಂದವ್ರೆ."