ಪರೀಕ್ಷಕರ ಮನೆಯ ತೊಲೆಗಳು

ನಮ್ಮ ಊರಿನಲ್ಲಿ ಒಂದೇ ಮರದಿಂದ ಕೊಯ್ದ ತೊಲೆಗೆ ಯಾರ ಒಪ್ಪಿಗೆಯೂ ಬೇಡ. ಹಲಗೆ ಜೋಡಿಸಿ ಮಾಡಿದ ತೊಲೆಗೆ ಕಚೇರಿಯ ಒಪ್ಪಿಗೆ ಬೇಕು. ದೊಡ್ಡ ಮರ ಸಿಗದ ಕಾರಣ ಈಗ ಎಲ್ಲರೂ ಮೂರು ಹಲಗೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ಮೊಳೆ ಜಡಿದು ಒಂದು ತೊಲೆ ಮಾಡಿಕೊಂಡು, ಅಂಥ ತೊಲೆಗಳ ಮೇಲೆಯೇ ಮನೆಯ ನೆಲ ಹಾಸುತ್ತಾರೆ. ಆ ಮೊಳೆಗಳನ್ನು ನೋಡುವ ತೊಲೆ ಪರೀಕ್ಷಕ ನಾನು. ಮರದ ವಿಷಯ ಏನೂ ಗೊತ್ತಿಲ್ಲವಾದ್ದರಿಂದ ನಿಷ್ಪಕ್ಷಪಾತಿ ಎಂಬ ಹೆಸರು ಗಳಿಸಿದ್ದೇನೆ.

ಹುದ್ದೆಯ ಘನತೆಗಾಗಿ ನಾನೇ ಎರಡು ನಿಯಮ ಬರೆದೆ. "ಪರೀಕ್ಷಕರು ಮೊಳೆಗಳನ್ನು ಕಣ್ಣಾರೆ ನೋಡುವ ತನಕ ತೊಲೆಗಳ ಮೇಲೆ ಏನನ್ನೂ ಹಾಸತಕ್ಕದ್ದಲ್ಲ." "ಪರೀಕ್ಷಕರು ಸ್ವಂತ ಮನೆಯ ಮೊಳೆಗಳನ್ನು ನೋಡತಕ್ಕದ್ದಲ್ಲ. ನೋಡಿದರೂ ನೋಡಿದಂತೆ ಪರಿಗಣಿಸತಕ್ಕದ್ದಲ್ಲ." ಎರಡನೆಯದಕ್ಕೆ ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಆಗ ನಾನು ಬಾಡಿಗೆ ಮನೆಯಲ್ಲಿದ್ದೆ.

ಆಮೇಲೆ ಸ್ವಂತ ಮನೆ ಕಟ್ಟಿಸಿದೆ.

"ಸಾರ್, ತೊಲೆ ಕೂರಿಸಿದ್ದಾಯ್ತು. ನೆಲ ಹಾಸಿಬಿಡ್ಲಾ?" ಎಂದ ಬಡಗಿ.

"ಪರೀಕ್ಷೆ ಆಗ್ಬೇಕಲ್ಲಪ್ಪ."

"ನೀವೇ ಅಲ್ವಾ ಪರೀಕ್ಷಕರು? ಇಲ್ಲೇ ನಿಂತಿದ್ದೀರಲ್ಲ!"

"ನಿಂತಿದ್ದೀನಿ. ಆದ್ರೆ ನೋಡ್ತಾ ಇಲ್ಲ" ಎಂದು ಆಕಾಶದ ಕಡೆ ಮುಖ ಮಾಡಿದೆ. ಬಡಗಿ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟ.

ಬಾಡಿಗೆ ಮನೆ ಬಿಡಬೇಕಾಗಿತ್ತು, ಬಿಟ್ಟೆವು. ನೆಲವಿಲ್ಲದ ಮನೆಯಲ್ಲಿ ತೊಲೆ ತೊಲೆಯ ನಡುವೆ ಮೊಣಕಾಲುದ್ದದ ಹಳ್ಳ. ಮಂಚದ ಕಾಲುಗಳನ್ನು ತೊಲೆಗಳ ಮೇಲೆ ಇಟ್ಟೆವು, ಒಲೆಯನ್ನೂ ಹಾಗೆಯೇ. ನಾನಂತೂ ತಲೆ ಎತ್ತಿಕೊಂಡೇ ಓಡಾಡಿ ಆಗಾಗ ಹಳ್ಳಕ್ಕೆ ಬೀಳುತ್ತಿದ್ದೆ. ಅತ್ತೆ ಬಾಗಿಲಲ್ಲೇ ನಿಂತು, "ಮಾಡಿದ್ದುಣ್ಣೋ ಮಹರಾಯ" ಎಂದು ಹೇಳಿ ವಾಪಸು ಹೋದರು.

ಹೆಂಡತಿಯ ಚಿಂತೆ ಬೇರೆ. "ರೀ, ಮಗು ಆಗ್ಲೇ ಮಗುಚ್ಕೊಳ್ತಾ ಇದೆ. ಇನ್ನೇನು ಅಂಬೆಗಾಲಿಡತ್ತೆ. ಎಲ್ಲಿ ಬಿಡ್ಲಿ ಅದನ್ನ? ನೆಲ ಹಾಸ್ಸೋಕೆ ನಿಮ್ಗೇನು ಧಾಡಿ?"

ಹಿರಿಯ ಪರೀಕ್ಷಕರಿಗೆ ಅರ್ಜಿ ಹಾಕಿದೆ. ಆ ಹುದ್ದೆ ಖಾಲಿಯಿದ್ದು, ಅದರ ಹೊಣೆ ನನ್ನ ಮೇಲೆಯೇ ಇತ್ತು. "ನಿಯಮ ಬರೆದವರೇ ವಿನಾಯಿತಿ ಕೇಳುವುದು ಖೇದಕರ" ಎಂದು ಅರ್ಜಿ ತಿರಸ್ಕರಿಸಿದೆ. ಉತ್ತರ ಕೈಸೇರಿದಾಗ ನಿಜಕ್ಕೂ ಬೇಜಾರಾಯಿತು. ಅಷ್ಟು ಖಾರವಾಗಿ ಬರೆಯಬೇಕಾಗಿರಲಿಲ್ಲ.

ಮಗಳು ಅಂಬೆಗಾಲಿಟ್ಟಳು, ಹಳ್ಳಕ್ಕೆ ಬಿದ್ದಳು. ಹಣೆಯ ಮೇಲೆ ಬುಗುಟು ಎದ್ದಿತು. ಎತ್ತಿಕೊಳ್ಳಲು ಓಡಿದೆ. ಆದರೆ ಬಗ್ಗಿದರೆ ಮೊಳೆ ಕಾಣುತ್ತದಲ್ಲ ಎಂದು ಕಣ್ಣು ಮುಚ್ಚಿ ತಡಕಾಡಿದೆ. ಅಷ್ಟರಲ್ಲಿ ಹೆಂಡತಿ ಅವಳನ್ನು ಎತ್ತಿಕೊಂಡಾಗಿತ್ತು.

ಆಮೇಲೆ ಮಗಳು ಬೀಳಲಿಲ್ಲ. ತೊಲೆಯ ಮೇಲೆಯೇ ತೆವಳಿದಳು, ತೊಲೆಯ ಮೇಲೆಯೇ ಎದ್ದು ನಿಂತು ನಡೆದಳು. ಕಚೇರಿ ನಮ್ಮದನ್ನು ಮಾದರಿ ಮನೆ ಎಂದು ಘೋಷಿಸಿತು. ಜನ ಬಂದು ನೋಡಿ, ಕಸ ಗುಡಿಸುವ ಕೆಲಸವೇ ಇಲ್ಲವಲ್ಲ ಎಂದು ಮೆಚ್ಚಿಕೊಂಡರು.

ಕೊನೆಗೊಮ್ಮೆ ಹೊಸ ಹಿರಿಯ ಪರೀಕ್ಷಕರು ಬಂದರು. ಮೊಳೆ ನೋಡಿದರು, ಸಹಿ ಹಾಕಿದರು. ಬಡಗಿ ನೆಲ ಹಾಸಿದ. ಹೆಂಡತಿ ಹೊಸ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಹಿರಿಯ ಪರೀಕ್ಷಕರ ಎದುರಿಗೇ ಮಗಳನ್ನು ಇಳಿಸಿದೆವು.

"ಬಾ ಪುಟ್ಟಿ, ಓಡಿ ಬಾ" ಎಂದು ಕೈಚಾಚಿದೆ.

ಮಗಳು ಕೆಳಗೆ ನೋಡಿದಳು. ಅಡಿಯ ತೊಲೆಗೆ ನೆಲದ ಹಲಗೆಗಳನ್ನು ಬಡಿದ ಕಡೆ ಮೊಳೆಯ ತಲೆಗಳು ಸಾಲಾಗಿ ಕಾಣುತ್ತಿದ್ದವು. ಆ ಸಾಲಿನ ಮೇಲೆ ಒಂದರ ಮುಂದೊಂದು ಪಾದವಿಟ್ಟು ಹೊರಟು, ನನ್ನ ನೇರಕ್ಕೆ ಬಂದು ನಿಂತಳು. ನಡುವೆ ಎರಡು ಹೆಜ್ಜೆಯ ನೆಲ. ದಾಟಲೊಲ್ಲೆ ಎಂದು ತಲೆಯಾಡಿಸಿದಳು.

"ಅಲ್ಲೂ ನೆಲಾನೇ ಕಂದಾ, ಬೀಳಲ್ಲ" ಎಂದಳು ಹೆಂಡತಿ. ಮಗಳು ನನ್ನನ್ನೇ ನೋಡುತ್ತಿದ್ದಳು.

"ಶಿಸ್ತಿನ ಮಗು" ಎಂದರು ಹಿರಿಯ ಪರೀಕ್ಷಕರು.

ನಾನು ಗೋಡೆಯವರೆಗೆ ಹೋಗಿ, ಅಲ್ಲಿಂದ ಅವಳ ತೊಲೆಯ ಸಾಲು ಹಿಡಿದು, ಪಾದದ ಮುಂದೆ ಪಾದವಿಡುತ್ತಾ ಹೋಗಿ ಅವಳನ್ನು ಎತ್ತಿಕೊಂಡೆ. ಹಿರಿಯ ಪರೀಕ್ಷಕರೂ ಬಡಗಿಯೂ ಎರಡು ಕೈಗಳನ್ನು ಅಗಲಿಸಿಕೊಂಡು ಅದೇ ಸಾಲಿನಲ್ಲಿ ನನ್ನ ಹಿಂದೆ ಬಂದರು.