ಪಂಪಿನ ಪುಸ್ತಕದಲ್ಲಿ ಸದರಿ

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಆ ದಿನಚರಿಯನ್ನೂ ಸಂಜೆ ಕೂತು ನೆನಪಿನಿಂದಲೇ ಬರೆಯುತ್ತೇನೆ ಎಂಬುದು ಹೊಳೆದದ್ದು ಮಾತ್ರ ಬಹಳ ತಡವಾಗಿ. ಹೊಳೆಯುವಂತೆ ಮಾಡಿದವರು ಆರೋಗ್ಯ ಕೇಂದ್ರದ ಡಾಕ್ಟರಮ್ಮ ಮತ್ತು ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಸುಮಾ.

ತೊಂಬತ್ತರ ದಶಕದ ನಡುವೆ ನಾವು ಶಿಕಾರಿಪುರದಲ್ಲಿದ್ದೆವು. ಸುಮಾಗೆ ಉಬ್ಬಸ. ಓಡಿದರೆ, ಜೋರಾಗಿ ನಕ್ಕರೆ, ಒಗ್ಗರಣೆಯ ಘಾಟು ತಾಗಿದರೆ ಎದೆಯೊಳಗೆ ಸಿಳ್ಳೆ. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ನಾವು ಎತ್ತುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜೆ ಅದನ್ನು ಶೀತ ಎಂದು ಕರೆದು, ತಪ್ಪನ್ನು ಮೊಸರು, ಬಾಳೆಹಣ್ಣುಗಳ ಮೇಲೆ ಹೊರಿಸುತ್ತಿದ್ದಳು, ಎಂ.ಎ. ಓದಿದ ನಾನು ಅಲರ್ಜಿ ಎಂದು ಕರೆದು ತೃಪ್ತನಾಗುತ್ತಿದ್ದೆ. ಆ ವರ್ಷ ಶಾಲೆಯಿಂದ ಮಕ್ಕಳನ್ನು ಬಂದಳಿಕೆಯ ಹಳೆಯ ಗುಡಿಗಳನ್ನು ನೋಡಲು ಕರೆದೊಯ್ಯುವುದಿತ್ತು. ಹಿಂದಿನ ವರ್ಷದ ಪ್ರವಾಸಕ್ಕೆ ಸುಮಾ ಹೋಗಿರಲಿಲ್ಲ. ಹೊರಟ ಬಸ್ಸಿಗೆ ಕೈಬೀಸಿ ಮನೆಗೆ ಬಂದಿದ್ದಳು.

ಸೊರಬದ ಕಡೆಯವರಾದ ಡಾಕ್ಟರಮ್ಮ ಬಾಯಿಗಿಟ್ಟು ಮದ್ದು ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು. ನೀಲಿಯದು ಉಸಿರು ಕಟ್ಟಿದಾಗ. ಕಂದು ಬಣ್ಣದ್ದು, ಕೆಮ್ಮು ಇರಲಿ ಬಿಡಲಿ, ದಿನಾ ಎರಡು ಹೊತ್ತು. ತಿಂಗಳು ತಪ್ಪದೆ ಕೊಟ್ಟು, ಬರೆದು ತಂದು ತೋರಿಸಿದರೆ ಬಂದಳಿಕೆಯ ಮಾತು ನೋಡೋಣ ಎಂದರು. ಬರೆಯುವುದು ಎಂದ ಕೂಡಲೇ ನನ್ನ ಮುಖ ಅರಳಿತು. ಜಮೀನಿನ ದಾಖಲೆ ನಕಲು ಮಾಡುವ ಕೆಲಸ ನನ್ನದು. ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬಂದರೆ 'ಸದರಿ' ಎಂದು ಬರೆದು ಮುಂದೆ ಹೋಗುವುದು ನನ್ನ ಕೈಗೆ ಅಂಟಿದ ರೂಢಿ. ಮೊದಲ ದಿನ 'ಕಂದು ಪಂಪು ಎರಡು ಹೊತ್ತು ಕೊಟ್ಟಿದೆ' ಎಂದು ಬರೆದೆ; ಮರುದಿನದಿಂದ ಸದರಿ. ಮಗು ಚೆನ್ನಾಗಿರುವ ದಿನ ಮದ್ದೇಕೆ, ಅಭ್ಯಾಸವಾಗಿಬಿಟ್ಟರೆ ಕಷ್ಟ ಎಂದು ಪಂಪನ್ನು ಕಪಾಟಿನಲ್ಲೇ ಬಿಟ್ಟದ್ದೂ ಉಂಟು. ಎಷ್ಟು ದಿನ ಎಂದು ಕೇಳಬೇಡಿ. ಪುಸ್ತಕದ ಪ್ರಕಾರ ಒಂದು ದಿನವೂ ಇಲ್ಲ.

ತಿಂಗಳಾದ ಮೇಲೆ ಸುಮಾ ಸಿಳ್ಳೆಯ ಸಮೇತ ಡಾಕ್ಟರಮ್ಮನ ಮುಂದೆ ಕೂತಳು. ಅವರು ಎದೆ ಪರೀಕ್ಷಿಸಿ, ಕಂದು ಪಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಎಷ್ಟು ಉಳಿದಿದೆಯೆಂದು ನೋಡಿ, ನನ್ನ ಪುಸ್ತಕ ತೆರೆದರು. "ಇದೇನ್ರೀ ಸದರಿ? ಕೊಟ್ಟಿರೋದಾ, ಕೊಡದೇ ಇರೋದಾ?" ನಾನು ವಿವರಣೆ ಹುಡುಕುವಷ್ಟರಲ್ಲಿ ಸುಮಾ ಹೇಳಿದಳು: "ಕೆಮ್ಮು ಬಂದ್ರೆ ಅಪ್ಪ ಪಂಪು ಕೊಡ್ತಾರೆ. ಬರ್ದೇ ಇದ್ರೆ ಬರೀತಾರೆ."

ಡಾಕ್ಟರಮ್ಮ ಬೈಯಲಿಲ್ಲ. ಪುಸ್ತಕವನ್ನು ಅವಳ ಕೈಗಿಟ್ಟು, ಪ್ರವಾಸಕ್ಕೆ ಇನ್ನೂ ಆರು ವಾರವಿದೆ, ಇನ್ನು ಮೇಲೆ ಬರೆಯುವವಳು ನೀನು ಎಂದರು.

ಸುಮಾ ಬಂದಳಿಕೆಗೆ ಹೋದಳು. ಸಂಜೆ ಬಂದು, ಗುಡಿಯ ಸುತ್ತ ಮೂರು ಸುತ್ತು ಓಡಿದೆ ಎಂದಳು. ಎದೆಗೆ ಕಿವಿಯಿಟ್ಟೆ, ಸಿಳ್ಳೆಯಿಲ್ಲ. ಆಗ ಒದ್ದೆಯಾದ ಕಣ್ಣು ನನ್ನದೋ ಗಿರಿಜೆಯದೋ ಎಂಬ ಅನುಮಾನ ಬಂದು, ಇಷ್ಟು ವರ್ಷಗಳ ಮೇಲೆ ಮೊನ್ನೆ ಆ ಪುಸ್ತಕ ತೆರೆದೆ. ಕಣ್ಣಿನ ವಿಷಯ ಅದರಲ್ಲಿ ಏನೂ ಇಲ್ಲ. ಬೆಳಿಗ್ಗೆ, ಸಂಜೆ, ಕೆಮ್ಮು ಎಂದು ಪ್ರತಿ ದಿನವನ್ನೂ ಸುಮಾ ಪೂರ್ತಿಯಾಗಿ ಬರೆದಿದ್ದಾಳೆ. ಅಂಚಿನಲ್ಲಿ ತಾನೇ ಇನ್ನೊಂದು ಗೆರೆ ಎಳೆದು 'ಅಪ್ಪನಿಗೆ ನೆನಪಿತ್ತೇ?' ಎಂದು ಕೇಳಿಕೊಂಡಿದ್ದಾಳೆ. ಮೊದಲ ದಿನ 'ಇಲ್ಲ, ನಾನೇ ಹೇಳಿದೆ' ಎಂದಿದೆ. ಅದರ ಕೆಳಗೆ, ಪುಟದ ಕೊನೆಯವರೆಗೂ, ದುಂಡನೆಯ ಅಕ್ಷರದಲ್ಲಿ ಸದರಿ, ಸದರಿ, ಸದರಿ.